ಮಾರ್ಕರ್ ಬೋಯ್ ಬಿಡಲು, ಮಡಚಿಡಲು ನಾವೇ ಮಾಡಿಕೊಳ್ಳಬಹುದಾದ ಸಲಕರಣೆಗಳು

(ಸ್ಕೂಬಾ ಡೈವಿಂಗ್ ಅಭ್ಯಾಸಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಂದಿನ ಮಾತಿನ ವಿಷಯ ಚಿಕ್ಕದಾಗಿ ಕಾಣಬಹುದು. ಆದರೆ ಸಮುದ್ರದಲ್ಲಿ ಡೈವ್ ಮುಗಿಸಿ ಮೇಲೆ ಬರುವ ಕೊನೆಯ ಐದಾರು ನಿಮಿಷಗಳಲ್ಲಿ ನಮ್ಮ ಸುರಕ್ಷತೆ ಬಹುಮಟ್ಟಿಗೆ ಇದನ್ನೇ ಅವಲಂಬಿಸಿರುತ್ತದೆ. ಡೈವರ್ ನೀರಿನೊಳಗಿದ್ದಾಗಲೇ ಗಾಳಿ ತುಂಬಿಸಿ ಹುರಿ ಕಟ್ಟಿ ಮೇಲಕ್ಕೆ ಕಳುಹಿಸುವ, ತಾನಿರುವ ಜಾಗವನ್ನು ದೋಣಿಗೆ ತೋರಿಸುವ, ಕಿತ್ತಳೆ ಅಥವಾ ಕೆಂಪು ಬಣ್ಣದ ಉದ್ದನೆಯ ಚೀಲವಾದ ಮಾರ್ಕರ್ ಬೋಯ್ ನಿಮ್ಮಲ್ಲಿ ಹಲವರಿಗೆ ಪರಿಚಿತವೇ ಆಗಿದೆ. ಬೋಯ್‌ನ ಬಗ್ಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಅದನ್ನು ಮೈಮೇಲೆ ಎಲ್ಲಿ ಇಟ್ಟುಕೊಳ್ಳಬೇಕು, ಹೇಗೆ ಸುತ್ತಿಡಬೇಕು, ಅದರ ಹುರಿಯನ್ನು ಯಾವುದಕ್ಕೆ ಸುತ್ತಬೇಕು, ಒಂದು ಕೈ ಬೇರೆ ಕೆಲಸದಲ್ಲಿರುವಾಗ ಇನ್ನೊಂದು ಕೈಯಿಂದ ಹೇಗೆ ಹೊರತೆಗೆಯಬೇಕು ಎಂಬುದನ್ನು ಮಾತ್ರ ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಕಂಡುಕೊಳ್ಳಬೇಕಾಗುತ್ತದೆ. ನಾನು ಮಾತನಾಡಲಿರುವುದು ಈ ಎರಡನೆಯ ಭಾಗದ ಬಗ್ಗೆ, ಅದರಲ್ಲೂ ನಾವೇ ಮಾಡಿಕೊಳ್ಳಬಹುದಾದ ವಸ್ತುಗಳ ಬಗ್ಗೆ.

ಬೋಯ್ ಏಕೆ ಬೇಕು ಎಂಬುದಕ್ಕೆ ಸಣ್ಣ ಲೆಕ್ಕವೊಂದನ್ನು ಮಾಡೋಣ. ಒಂದು ನಾಟ್ ವೇಗದ ಪ್ರವಾಹವೆಂದರೆ ಗಂಟೆಗೆ 1.852 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. 18 ಮೀಟರ್ ಆಳದಿಂದ ನಿಮಿಷಕ್ಕೆ 9 ಮೀಟರಿನಂತೆ ಮೇಲೇರುತ್ತ, ನಡುವೆ 5 ಮೀಟರಿನಲ್ಲಿ 3 ನಿಮಿಷ ನಿಂತು ಬರುವ ಡೈವರ್‌ಗೆ ಒಟ್ಟು ಐದು ನಿಮಿಷ ಬೇಕಾಗುತ್ತದೆ. ಅಷ್ಟರಲ್ಲಿ ಪ್ರವಾಹ ಅವನನ್ನು 150 ಮೀಟರ್ ದೂರ ಒಯ್ದಿರುತ್ತದೆ. ಅರ್ಧ ಮೀಟರ್ ಎತ್ತರದ ಅಲೆಗಳಿದ್ದರೂ ಸಾಕು, ಆ ದೂರದಲ್ಲಿ ನೀರಿನ ಮೇಲೆ ಕಾಣುವ ಕಪ್ಪು ಹುಡ್ ತೊಟ್ಟ ತಲೆಯೊಂದು ಕ್ಷಣ ಕಂಡು ಕ್ಷಣ ಮರೆಯಾಗುತ್ತದೆ. 2008ರ ಜೂನ್‌ನಲ್ಲಿ ಇಂಡೋನೇಷ್ಯಾದ ಕೊಮೊಡೊ ದ್ವೀಪಗಳ ಬಳಿ ಐವರು ಯುರೋಪಿಯನ್ ಡೈವರ್‌ಗಳು ಪ್ರವಾಹಕ್ಕೆ ಸಿಕ್ಕಿ ತಮ್ಮ ದೋಣಿಯಿಂದ ದೂರವಾಗಿ, ಕೊನೆಗೆ ರಿಂಕಾ ದ್ವೀಪದ ದಡ ಸೇರಿ, ಎರಡು ದಿನಗಳ ಬಳಿಕ ಪತ್ತೆಯಾದರು. ಅನುಭವವಿರುವವರಿಗೂ ದೋಣಿಯ ಕಣ್ಣು ತಪ್ಪುವುದು ಎಷ್ಟು ಸುಲಭ ಎಂಬುದನ್ನು ಅಂಥ ಘಟನೆಗಳು ತೋರಿಸುತ್ತವೆ.

ನಮ್ಮಲ್ಲಿ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದಲ್ಲಿ ಹೆಚ್ಚಿನವರು ಮಾರ್ಗದರ್ಶಕರ ಜೊತೆಯಲ್ಲೇ ಮುಳುಗುತ್ತಾರೆ, ಬೋಯ್ ಇರುವುದೂ ಅವರ ಬಳಿಯಲ್ಲೇ. ಹಾಗಾಗಿ ಅದು ಮಾರ್ಗದರ್ಶಕರ ಕೆಲಸವೆಂಬ ಭಾವನೆ ನಮ್ಮಲ್ಲಿ ಬೆಳೆದಿದೆ. ಗುಂಪಿನಿಂದ ಬೇರ್ಪಟ್ಟು ಒಬ್ಬಂಟಿಯಾಗಿ ಮೇಲೆ ಬರಬೇಕಾದ ಹೊತ್ತಿನಲ್ಲಿ ಆ ಬೋಯ್ ನಮ್ಮ ಬಳಿ ಇರುವುದಿಲ್ಲ. ಮೀನುಗಾರಿಕೆಯ ದೋಣಿಗಳು ಓಡಾಡುವ ನೀರಿನಲ್ಲಿ ತಲೆಯ ಮೇಲೆ ಪ್ರೊಪೆಲರ್ ಇದೆಯೋ ಇಲ್ಲವೋ ತಿಳಿಯದೆ ಮೇಲೇರುವುದು ಎಷ್ಟು ಅಪಾಯಕರ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಪ್ರತಿಯೊಬ್ಬರ ಬಳಿಯೂ ಒಂದು ಬೋಯ್ ಇರಬೇಕು, ಅದನ್ನು ಬಿಡಲು ಪ್ರತಿಯೊಬ್ಬರಿಗೂ ಬರಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಇಷ್ಟು ಮುಖ್ಯವಾದ ವಿಷಯದಲ್ಲಿ ಮನೆಯಲ್ಲಿ ಮಾಡಿದ ವಸ್ತುಗಳನ್ನು ನಂಬಬಹುದೇ ಎಂದು ನೀವು ಕೇಳಬಹುದು. ಸ್ಕೂಬಾದ ಇತಿಹಾಸವೇ ಇದಕ್ಕೆ ಒಂದು ಮಟ್ಟಿಗೆ ಉತ್ತರ ಕೊಡುತ್ತದೆ. 1943ರಲ್ಲಿ ಜಾಕ್ ಕುಸ್ಟೊ ಪರೀಕ್ಷಿಸಿದ ಅಕ್ವಾಲಂಗ್ ಎಂಬ ನೀರೊಳಗಿನ ಉಸಿರಾಟದ ಸಲಕರಣೆಯ ರೆಗ್ಯುಲೇಟರನ್ನು ಎಂಜಿನಿಯರ್ ಎಮಿಲ್ ಗಾನ್ಯಾನ್ ರೂಪಿಸಿದ್ದು, ಯುದ್ಧಕಾಲದ ಪೆಟ್ರೋಲ್ ಅಭಾವದಲ್ಲಿ ಮೋಟಾರು ವಾಹನಗಳನ್ನು ಅನಿಲದಿಂದ ಓಡಿಸಲು ಬಳಸುತ್ತಿದ್ದ ವಾಲ್ವ್ ಒಂದನ್ನು ಮಾರ್ಪಡಿಸಿ. ಮುಂದೆ ಅಮೆರಿಕದ ಉತ್ತರ ಫ್ಲಾರಿಡಾದ ಜಲಗುಹೆಗಳಲ್ಲಿ ಮುಳುಗುತ್ತಿದ್ದವರು ಅಂಗಡಿಯಲ್ಲಿ ಸಿಗದ ರೀಲ್, ದೀಪ, ಬೆನ್ನಪಟ್ಟಿಗಳನ್ನು ತಾವೇ ತಯಾರಿಸಿಕೊಂಡರು. ಕೈಯಲ್ಲಿ ದೀಪವನ್ನು ಹಿಡಿದಿಡುವ ಇಂದಿನ ಪ್ರಸಿದ್ಧ ಹಿಡಿಗೆ ಅವರಲ್ಲೊಬ್ಬರಾದ ಬಿಲ್ ಗುಡ್‌ಮನ್ ಅವರ ಹೆಸರೇ ಇದೆ. ಮೈಮೇಲೆ ಅನಗತ್ಯವಾದ ಏನೂ ಇರಬಾರದು, ಇರುವುದೆಲ್ಲ ಮೈಗೆ ಒತ್ತಿಕೊಂಡಿರಬೇಕು ಎಂಬ ಸಲಕರಣೆ ಜೋಡಣೆಯ ಪದ್ಧತಿಗೆ ವಿಲಿಯಂ ಹೊಗಾರ್ತ್ ಮೇನ್ ಅವರ ಹೆಸರಿದೆ. ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆಗಳಿಂದ ಸಲಕರಣೆಗಳನ್ನು ಮೈಗೆ ಬಿಗಿದುಕೊಳ್ಳುವ ರೂಢಿಯೂ ಗುಹೆಗಳಲ್ಲಿ ಮುಳುಗುವವರದೇ. ನಮಗೆ ಈ ಪರಂಪರೆಯಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಆದರೂ ಒಂದು ಗಡಿಯನ್ನು ನಾನು ಸ್ಪಷ್ಟವಾಗಿ ಹಾಕಿಕೊಂಡಿದ್ದೇನೆ. ಗಾಳಿಯನ್ನು ಹಿಡಿದಿಡುವ, ಗಾಳಿಯನ್ನು ಹಾಯಿಸುವ ಯಾವುದನ್ನೂ ನಾವು ಮಾಡಬಾರದು. ಚೀಲದ ಬೆಸುಗೆ, ಹೆಚ್ಚಿನ ಒತ್ತಡವನ್ನು ಹೊರಬಿಡುವ ವಾಲ್ವ್, ಗಾಳಿ ತುಂಬುವ ನಳಿಕೆ ಇವುಗಳನ್ನು ಕಾರ್ಖಾನೆಯಲ್ಲಿ ಪರೀಕ್ಷಿಸಿ ಮಾಡಿರುತ್ತಾರೆ, ಅವುಗಳನ್ನು ಕೊಂಡುಕೊಳ್ಳೋಣ. ಹುರಿಯನ್ನು ಸುತ್ತಿಡುವ ಸ್ಪೂಲ್, ಅದನ್ನು ಸಿಕ್ಕಿಸುವ ಕುಣಿಕೆ, ಬೋಯನ್ನು ಬಿಗಿದಿಡುವ ಬಳೆ, ಎಲ್ಲವನ್ನೂ ಇಟ್ಟುಕೊಳ್ಳುವ ಜೇಬು ಇವು ನಮ್ಮ ಕೈಯ ಅಳತೆಗೆ, ನಮ್ಮ ಮೈಯ ಅಳತೆಗೆ ತಕ್ಕಂತಿರಬೇಕಾದವು. ಇಲ್ಲಿ ಅಂಗಡಿಯ ವಸ್ತುವಿಗಿಂತ ನಾವೇ ಮಾಡಿಕೊಂಡದ್ದು ಮೇಲಾಗಿರಲು ಸಾಧ್ಯವಿದೆ. ಇವೆಲ್ಲಕ್ಕೂ ಒಂದೇ ಪರೀಕ್ಷೆ: ಏನಾದರೂ ಸಿಕ್ಕಿಕೊಂಡರೆ, ಆ ಕ್ಷಣದಲ್ಲೇ, ಇಡೀ ಸಲಕರಣೆಯನ್ನು ಕೈಬಿಡಲು ಸಾಧ್ಯವೇ? ಸಾಧ್ಯವಿಲ್ಲವೆಂದಾದರೆ ಅದು ಎಷ್ಟೇ ಅಚ್ಚುಕಟ್ಟಾಗಿದ್ದರೂ ಬೇಡ.

ಇಷ್ಟು ಕಟ್ಟುನಿಟ್ಟು ಏಕೆ ಎಂಬುದನ್ನು ಸಂಖ್ಯೆಗಳಲ್ಲಿ ನೋಡೋಣ. ಚಪ್ಪಟೆಯಾಗಿ ಹಾಸಿದಾಗ 17 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಉದ್ದವಿರುವ ಬೋಯ್ ಗಾಳಿ ತುಂಬಿದಾಗ ಸುಮಾರು 11 ಸೆಂಟಿಮೀಟರ್ ವ್ಯಾಸದ ಕೊಳವೆಯಾಗುತ್ತದೆ. ಅದರಲ್ಲಿ ಹಿಡಿಯುವುದು ಸುಮಾರು 11 ಲೀಟರ್. ಒಂದು ಲೀಟರ್ ಗಾಳಿ ಸುಮಾರು ಒಂದು ಕಿಲೋಗ್ರಾಂ ಭಾರವನ್ನು ಎತ್ತುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಿರುವುದರಿಂದ, ಮೇಲೆ ತಲುಪುವಾಗ 11 ಲೀಟರ್ ಆಗಬೇಕಾದ ಬೋಯ್‌ಗೆ ಅಲ್ಲಿ ಐದೂವರೆ ಲೀಟರ್ ತುಂಬಿದರೆ ಸಾಕು. 20 ಮೀಟರಿನಲ್ಲಿ ಒತ್ತಡ ಮೂರರಷ್ಟು, ಆದ್ದರಿಂದ 3.7 ಲೀಟರ್ ಸಾಕು. 5 ಮೀಟರಿನಲ್ಲಾದರೆ 7.3 ಲೀಟರ್ ಬೇಕು. ಇದರಿಂದ ತಿಳಿಯುವ ಸಂಗತಿಯೆಂದರೆ, ಬೋಯನ್ನು ಆಳದಲ್ಲೇ ಬಿಟ್ಟಷ್ಟೂ ಕೈಯ ಮೇಲಿನ ಎಳೆತ ಕಡಿಮೆ, ಬೇಕಾಗುವ ಹುರಿ ಹೆಚ್ಚು. ಕಡಿಮೆ ಆಳದಲ್ಲಿ ಬಿಟ್ಟಷ್ಟೂ ಹುರಿ ಕಡಿಮೆ, ಎಳೆತ ಹೆಚ್ಚು. ಹೊಸಬರು 5 ಮೀಟರಿನ ಸುರಕ್ಷತಾ ನಿಲುಗಡೆಯಲ್ಲಿ ಬೋಯ್ ಬಿಡುವುದು ಸುಲಭವೆಂದು ಭಾವಿಸುತ್ತಾರೆ. ನಿಜಕ್ಕೂ ಅಲ್ಲಿಯೇ ಕಷ್ಟ: ಏಳು ಕಿಲೋಗ್ರಾಂ ಎಳೆತವಿರುವಾಗ ಹುರಿ ಎಲ್ಲಾದರೂ ಸಿಕ್ಕಿಕೊಂಡರೆ ಡೈವರ್ ಉಸಿರು ಬಿಡುವಷ್ಟರಲ್ಲಿ ಮೇಲ್ಮೈಯಲ್ಲಿರುತ್ತಾನೆ. ಉಸಿರನ್ನು ಹಿಡಿದುಕೊಂಡು ಹಾಗೆ ಮೇಲೇರುವುದು ಶ್ವಾಸಕೋಶಕ್ಕೆ ಗಂಭೀರವಾದ ಹಾನಿ ಮಾಡಬಲ್ಲದು. ಅನುಕೂಲವಿದ್ದಲ್ಲಿ 10ರಿಂದ 15 ಮೀಟರಿನ ನಡುವೆ ಬೋಯ್ ಬಿಡುವುದನ್ನು ನಾನು ಇಷ್ಟಪಡುತ್ತೇನೆ.

ಗಾಳಿ ತುಂಬುವ ವಿಧಾನದ ಬಗ್ಗೆಯೂ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬಾಯಿಂದ ಊದುವಾಗ ಶ್ವಾಸಕೋಶದ ಗಾಳಿ ಬೋಯ್‌ಗೆ ಹೋಗುತ್ತದೆಯಷ್ಟೇ, ಬೋಯ್ ಕೈಯಲ್ಲಿರುವವರೆಗೆ ಊದುವ ಕ್ರಿಯೆಯಿಂದ ಒಟ್ಟು ತೇಲುವಿಕೆ ಬದಲಾಗುವುದಿಲ್ಲ. ಆಕ್ಟೋಪಸ್‌ನ, ಅಂದರೆ ಸಿಲಿಂಡರಿಗೆ ಜೋಡಿಸಿದ ಹೆಚ್ಚುವರಿ ಉಸಿರಾಟದ ರೆಗ್ಯುಲೇಟರಿನ, ಗುಂಡಿ ಒತ್ತಿ ತುಂಬಿದರೆ ಸಿಲಿಂಡರಿನಿಂದ ಹೊಸ ಗಾಳಿ ಬಂದು ಒಮ್ಮೆಲೇ ಎಳೆಯತೊಡಗುತ್ತದೆ. 10 ಮೀಟರಿನಲ್ಲಿ ಮೂರು ತುಂಬು ಉಸಿರುಗಳು ಸಾಮಾನ್ಯವಾಗಿ ಸಾಕಾಗುತ್ತವೆ.

ಈಗ ಸ್ಪೂಲ್‌ಗೆ ಬರೋಣ. ರೀಲ್‌ಗೆ ಹಿಡಿ, ತಿರುಗಣೆ, ತಡೆ ಇರುತ್ತವೆ. ಅವೆಲ್ಲವೂ ಕೆಡಬಹುದಾದ ಭಾಗಗಳು. ಸ್ಪೂಲ್ ಎಂದರೆ ನಡುವೆ ರಂಧ್ರವಿರುವ, ಎರಡು ಬದಿಗೆ ಅಂಚುಗಳಿರುವ ಒಂದೇ ತುಂಡು. ಎಷ್ಟು ದೊಡ್ಡದಿರಬೇಕು ಎಂಬುದನ್ನು ಹುರಿಯೇ ನಿರ್ಧರಿಸುತ್ತದೆ. 2 ಮಿಲಿಮೀಟರ್ ದಪ್ಪದ ಹುರಿಯ ಪ್ರತಿ ಸುತ್ತೂ 2 ಮಿಲಿಮೀಟರ್ ಚೌಕದಷ್ಟು ಜಾಗ ಹಿಡಿಯುತ್ತದೆಂದು ಇಟ್ಟುಕೊಂಡರೆ, 30 ಮೀಟರ್ ಹುರಿಗೆ 120 ಘನ ಸೆಂಟಿಮೀಟರ್ ಬೇಕು. ಒಳಗಿನ ತಿರುಳು 4 ಸೆಂಟಿಮೀಟರ್, ಹೊರ ಅಂಚು 9 ಸೆಂಟಿಮೀಟರ್ ವ್ಯಾಸ, ನಡುವಿನ ಅಗಲ ಎರಡೂವರೆ ಸೆಂಟಿಮೀಟರ್ ಇದ್ದರೆ ಸುಮಾರು 128 ಘನ ಸೆಂಟಿಮೀಟರ್ ಜಾಗ ಸಿಗುತ್ತದೆ. ಲೆಕ್ಕಕ್ಕೆ ಇದು ಸಾಕು, ಸಮುದ್ರಕ್ಕೆ ಸಾಲದು. ನೀರಿನೊಳಗೆ ಮರಳಿ ಸುತ್ತುವಾಗ ಹುರಿ ಅಷ್ಟು ಅಚ್ಚುಕಟ್ಟಾಗಿ ಕೂರುವುದಿಲ್ಲ, ಅಂಚಿನವರೆಗೆ ತುಂಬಿದ ಸ್ಪೂಲಿನಿಂದ ಸುತ್ತುಗಳು ಜಾರಿ ಹೊರಬಿದ್ದು ಗೋಜಲಾಗುತ್ತವೆ. ಅಗಲವನ್ನು 3 ಸೆಂಟಿಮೀಟರಿಗೆ ಏರಿಸಿದರೆ 153 ಘನ ಸೆಂಟಿಮೀಟರ್ ಸಿಕ್ಕಿ, ಮೇಲಂಚಿನಲ್ಲಿ ಸ್ವಲ್ಪ ಖಾಲಿ ಜಾಗ ಉಳಿಯುತ್ತದೆ.

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಹಲಗೆಯಿಂದ ಎರಡು ಬಿಲ್ಲೆಗಳನ್ನು ಕತ್ತರಿಸಿ, ನಡುವೆ ಪಿವಿಸಿ ಪೈಪಿನ ತುಂಡನ್ನಿಟ್ಟು ಸ್ಪೂಲ್ ಮಾಡುವುದು ಬಹಳ ಜನರಿಗೆ ಮೊದಲು ಹೊಳೆಯುವ ಉಪಾಯ. ಆದರೆ ಆ ಹಲಗೆ ಸಾಮಾನ್ಯವಾಗಿ ಎಚ್‌ಡಿಪಿಇ ಪ್ಲಾಸ್ಟಿಕ್ಕಿನದಾಗಿದ್ದು, ಅದಕ್ಕೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಮೊಳೆ, ಸ್ಕ್ರೂ ಹಾಕಿದರೆ ಅವುಗಳ ತಲೆಗೆ ಹುರಿ ಸಿಕ್ಕಿಕೊಳ್ಳುತ್ತದೆ. ಬಿಲ್ಲೆಗಳನ್ನೂ ಪಿವಿಸಿ ಹಾಳೆಯಿಂದಲೇ ಕತ್ತರಿಸಿ, 40 ಮಿಲಿಮೀಟರ್ ಪೈಪಿನ ತುಂಡಿಗೆ ಕೊಳಾಯಿ ಕೆಲಸದವರು ಬಳಸುವ ಸಾಲ್ವೆಂಟ್ ಸಿಮೆಂಟ್ ಹಚ್ಚಿ ಜೋಡಿಸಿದರೆ ಎರಡೂ ಬೆಸೆದು ಒಂದಾಗುತ್ತವೆ. ಇನ್ನೂ ಒಳ್ಳೆಯದೆಂದರೆ ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಅಥವಾ ನೈಲಾನಿನ ಸಲಾಕೆಯ ತುಂಡೊಂದನ್ನು ತೆಗೆದುಕೊಂಡು, ಬೆಂಗಳೂರಿನ ಪೀಣ್ಯದಂಥ ಕಡೆ ಇರುವ ಲೇತ್ ಅಂಗಡಿಗೆ ಅಳತೆಯ ಚಿತ್ರದೊಂದಿಗೆ ಹೋಗುವುದು. ಅಂಚುಗಳಿಗೆ ತಲಾ 6 ಮಿಲಿಮೀಟರ್ ಸೇರಿಸಿದರೆ ಒಟ್ಟು 42 ಮಿಲಿಮೀಟರ್ ಉದ್ದದ ತುಂಡು ಸಾಕು. ನಡುವಿನ ರಂಧ್ರ ನಿಮ್ಮ ಬೆರಳು ಸಡಿಲವಾಗಿ ತಿರುಗುವಷ್ಟು ದೊಡ್ಡದಿರಲಿ, ನಿಯೋಪ್ರಿನ್ ಕೈಗವಸು ಹಾಕುವವರು ಅದನ್ನು ಹಾಕಿಕೊಂಡೇ ಅಳತೆ ನೋಡಲಿ. ಅಂಚಿನ ಸುತ್ತ ಕೊಕ್ಕೆ ಸಿಕ್ಕಿಸಲು ರಂಧ್ರಗಳಿರಲಿ. ಪ್ರತಿ ಮೂಲೆಯನ್ನೂ ಮರಳು ಕಾಗದದಿಂದ ಉಜ್ಜಿ ದುಂಡಗೆ ಮಾಡಿ. ಚೂಪಾದ ಅಂಚು ಹುರಿಯನ್ನು ಒಂದೇ ದಿನದಲ್ಲಿ ಕತ್ತರಿಸುವುದಿಲ್ಲ, ದಿನೇ ದಿನೇ ಸವೆಸುತ್ತದೆ.

ತಿರುಳು ಚಿಕ್ಕದಾಗಿದ್ದರೆ ಸ್ಪೂಲ್ ಜೇಬಿನಲ್ಲಿ ಸುಲಭವಾಗಿ ಕೂರುತ್ತದೆಂಬುದು ನಿಜ. ಆದರೆ 4 ಸೆಂಟಿಮೀಟರ್ ತಿರುಳಿನ ಮೇಲೆ ಒಂದು ಸುತ್ತಿಗೆ ಹನ್ನೆರಡೂವರೆ ಸೆಂಟಿಮೀಟರ್ ಹುರಿ ಸಿಕ್ಕರೆ, ಎರಡು ಸೆಂಟಿಮೀಟರ್ ತಿರುಳಿನ ಮೇಲೆ ಅದರ ಅರ್ಧ ಮಾತ್ರ. ಮೇಲೇರುತ್ತ, ಆಳವನ್ನು ನೋಡಿಕೊಳ್ಳುತ್ತ, ಒಂದೇ ಕೈಯಲ್ಲಿ ಹುರಿಯನ್ನು ಮರಳಿ ಸುತ್ತುವಾಗ ಈ ವ್ಯತ್ಯಾಸ ಚೆನ್ನಾಗಿ ಅರಿವಿಗೆ ಬರುತ್ತದೆ.

ಹುರಿಯ ಆಯ್ಕೆಯಲ್ಲಿ ನಮ್ಮ ಕರಾವಳಿಯ ಅಂಗಡಿಗಳಲ್ಲಿ ಒಂದು ಆಕರ್ಷಣೆ ಇದೆ. ಬಲೆಯ ಸಾಮಾನು ಮಾರುವಲ್ಲಿ ಗಟ್ಟಿಯಾದ, ಅಗ್ಗವಾದ, ಬಣ್ಣಬಣ್ಣದ ಪಾಲಿಪ್ರೊಪಿಲೀನ್ ಹುರಿ ಧಾರಾಳವಾಗಿ ಸಿಗುತ್ತದೆ. ಅದು ನೀರಿಗಿಂತ ಹಗುರ. ಸಡಿಲಗೊಂಡ ಹುರಿ ಮೇಲೆ ತೇಲಿ ನೀರಿನ ಮೇಲ್ಮೈಯಲ್ಲಿ ಹರಡಿಕೊಂಡರೆ, ನಮ್ಮನ್ನು ಹತ್ತಿಸಿಕೊಳ್ಳಲು ಬರುವ ದೋಣಿಯ ಪ್ರೊಪೆಲರಿಗೇ ಸುತ್ತಿಕೊಳ್ಳಬಹುದು. ಹೆಣೆದ ನೈಲಾನ್ ಅಥವಾ ಪಾಲಿಯೆಸ್ಟರ್ ಹುರಿ ನೀರಿಗಿಂತ ತುಸು ಭಾರ, ಮೃದು, ಸ್ಪೂಲಿನ ಮೇಲೆ ಚೆನ್ನಾಗಿ ಕೂರುತ್ತದೆ. ನೈಲಾನ್ ನೀರನ್ನು ಹೀರಿಕೊಳ್ಳುವುದರಿಂದ ಮೊದಲು ನೆನೆಸಿ ಒಣಗಿಸಿ, ಆಮೇಲೆ ಅಳೆದು ಗುರುತು ಮಾಡುವುದು ಒಳ್ಳೆಯದು. ಬೋಯ್ ಕಡೆಯ ತುದಿಯಿಂದ 5 ಮೀಟರಿಗೆ ಒಂದು ಗಾಢ ಬಣ್ಣದ ನೂಲಿನ ಕಟ್ಟು, 10 ಮೀಟರಿಗೆ ಎರಡು ಕಟ್ಟು ಹಾಕಿದರೆ ಎಷ್ಟು ಹುರಿ ಹೊರಗಿದೆಯೆಂದು ಬೆರಳಿಗೇ ಗೊತ್ತಾಗುತ್ತದೆ. ತುದಿಯಲ್ಲಿ ಸ್ಪೂಲ್ ಸಲೀಸಾಗಿ ನುಸುಳುವಷ್ಟು ದೊಡ್ಡ ಕುಣಿಕೆ ಕಟ್ಟಿ. ಬೋಯ್‌ನ ಬಳೆಯೊಳಗೆ ಕುಣಿಕೆಯನ್ನು ತೂರಿಸಿ, ಕುಣಿಕೆಯೊಳಗೆ ಸ್ಪೂಲನ್ನು ತೂರಿಸಿ ಎಳೆದರೆ ಲೋಹದ ಕೊಕ್ಕೆಯ ಅಗತ್ಯವೇ ಇಲ್ಲದೆ ಎರಡೂ ಸೇರಿಕೊಳ್ಳುತ್ತವೆ. ಹುರಿಯ ಇನ್ನೊಂದು ತುದಿಯನ್ನು ಸ್ಪೂಲಿನ ತಿರುಳಿಗೆ ಕಟ್ಟುವುದನ್ನು ಮರೆಯಬೇಡಿ.

ಕೊಕ್ಕೆಯ ವಿಷಯದಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಬೋಲ್ಟ್ ಸ್ನ್ಯಾಪನ್ನೇ, ಅಂದರೆ ಬೆರಳಿನಿಂದ ಸರಿಸಿ ತೆರೆಯುವ ಚಿಲಕದ ಕೊಕ್ಕೆಯನ್ನೇ, ಕೊಳ್ಳಿ. 304 ದರ್ಜೆಯಲ್ಲಿಲ್ಲದ ಮಾಲಿಬ್ಡಿನಮ್ ಅದರಲ್ಲಿರುವುದರಿಂದ ಉಪ್ಪುನೀರನ್ನು ಅದು ಹೆಚ್ಚು ತಾಳಿಕೊಳ್ಳುತ್ತದೆ. ಒತ್ತಿದರೆ ಒಳಕ್ಕೆ ಮಡಚಿಕೊಳ್ಳುವ ಬಾಗಿಲಿನ ಕೊಕ್ಕೆಗಳು, ಅಂದರೆ ಬೆಟ್ಟ ಹತ್ತುವವರು ಬಳಸುವಂಥವು, ಬೇಡವೇ ಬೇಡ. ಹಾದುಹೋಗುವ ಯಾವ ಹುರಿಯಾದರೂ ಅದರ ಬಾಗಿಲನ್ನು ತಾನೇ ಒತ್ತಿಕೊಂಡು ಒಳಗೆ ಸೇರಿಬಿಡುತ್ತದೆ. ಲೋಹಕ್ಕೆ ಲೋಹವನ್ನು ನೇರವಾಗಿ ಜೋಡಿಸಬಾರದು, ನಡುವೆ ಚಾಕುವಿನಿಂದ ಕತ್ತರಿಸಬಹುದಾದ ಹುರಿಯ ಕಟ್ಟೊಂದು ಇರಲೇಬೇಕು ಎಂಬುದು ಗುಹೆ ಡೈವರ್‌ಗಳ ನಿಯಮ. ಬೋಯ್ ಬಿಡುವ ಹೊತ್ತಿನಲ್ಲಿ ಸ್ಪೂಲ್ ನಿಮ್ಮ ಬೆರಳಿನಲ್ಲಿರಬೇಕೇ ಹೊರತು ಬಿಸಿಡಿಗೆ, ಅಂದರೆ ಗಾಳಿ ತುಂಬಿ ತೇಲುವಿಕೆಯನ್ನು ಹೊಂದಿಸಿಕೊಳ್ಳುವ ಜಾಕೆಟ್ಟಿಗೆ, ಸಿಕ್ಕಿಸಿರಕೂಡದು.

ಮಡಚಿಡುವ ಕೆಲಸ ಡೈವ್‌ಗೆ ಮುಂಚಿನ ದಿನವೇ ಮುಗಿಯಬೇಕು. ಬಾಯಿ ತೆರೆದಿರುವ ಬೋಯ್ ಆದರೆ ಮುಚ್ಚಿದ ತುದಿಯಿಂದ ಆರಂಭಿಸಿ ಬಾಯಿಯ ಕಡೆಗೆ ಚಾಪೆ ಸುತ್ತುವಂತೆ ಬಿಗಿಯಾಗಿ ಸುತ್ತಿ, ಒಳಗಿನ ಗಾಳಿ ಬಾಯಿಯಿಂದ ಹೊರಹೋಗಲಿ. ಹೀಗೆ ಸುತ್ತಿದ್ದನ್ನು ನೀರಿನಲ್ಲಿ ಹೊರತೆಗೆದಾಗ ಗಾಳಿ ತುಂಬಬೇಕಾದ ತುದಿಯೇ ಕೈಗೆ ಮೊದಲು ಸಿಗುತ್ತದೆ, ಗಾಳಿ ಹೋದಂತೆಲ್ಲ ಸುರುಳಿ ತಾನೇ ಬಿಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿರುವ ಬೋಯ್ ಆದರೆ ವಾಲ್ವನ್ನು ತೆರೆದು ಹಿಡಿದು, ಅದರ ದಿಕ್ಕಿಗೇ ಸುತ್ತಬೇಕು. ಸುತ್ತನ್ನು ಬಿಗಿದಿಡಲು ಸೈಕಲ್ ಟ್ಯೂಬಿನಿಂದ ಅಡ್ಡಲಾಗಿ ಕತ್ತರಿಸಿದ ಬಳೆಗಿಂತ ಉತ್ತಮವಾದುದನ್ನು ನಾನು ಕಂಡಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಟ್ಯೂಬ್ ಕೇಳಿದರೆ ಕೊಡುತ್ತಾರೆ. ಕಪ್ಪು ಟ್ಯೂಬ್‌ಗಳು ಸಾಮಾನ್ಯವಾಗಿ ಬ್ಯೂಟೈಲ್ ರಬ್ಬರಿನವಾದ್ದರಿಂದ ಗಾಳಿ ಬಿಸಿಲುಗಳಿಗೆ ಬೇಗ ಬಿರುಕು ಬಿಡುವುದಿಲ್ಲ. ಬಳೆಯನ್ನು ಬೋಯ್‌ನ ಬುಡದ ಪಟ್ಟಿಗೆ ಕಟ್ಟಿಬಿಟ್ಟರೆ ಬಿಚ್ಚಿದ ಮೇಲೆ ಸಮುದ್ರದಲ್ಲಿ ಕಳೆದುಹೋಗುವುದೂ ಇಲ್ಲ.

ಜೇಬನ್ನು ಚೀಲ ಹೊಲಿಯುವವರ ಬಳಿ ಹೊಲಿಸಿಕೊಳ್ಳಬಹುದು. ಸುಮಾರು 22 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ದಪ್ಪವಿದ್ದರೆ ಸುತ್ತಿದ ಬೋಯ್, ಸ್ಪೂಲ್ ಎರಡೂ ಹಿಡಿಯುತ್ತವೆ. ಬಟ್ಟೆ ನೈಲಾನ್ ಇರಲಿ, ನೂಲು ಪಾಲಿಯೆಸ್ಟರ್ ಇರಲಿ. ಹತ್ತಿಯ ನೂಲು ಒದ್ದೆಯಲ್ಲಿ ಕೊಳೆಯುತ್ತದೆ. ತಳದಲ್ಲಿ ನೀರು ಇಳಿಯಲು ಬಲೆಬಟ್ಟೆ ಹಾಕಿಸಿ. ಒಳಗೆ ಒಂದು ಎಲಾಸ್ಟಿಕ್ ಹುರಿಯ ಬಳೆಯನ್ನು ಹೊಲಿಸಿ, ಬೋಯನ್ನೂ ಸ್ಪೂಲನ್ನೂ ಬೇರೆ ಬೇರೆ ಕೊಕ್ಕೆಗಳಿಂದ ಅದಕ್ಕೆ ಸಿಕ್ಕಿಸಿದರೆ ಒಂದನ್ನು ತೆಗೆಯುವಾಗ ಇನ್ನೊಂದು ಜಾರಿ ಬೀಳುವುದಿಲ್ಲ. ಸಿಲಿಂಡರಿನ ಪಕ್ಕಕ್ಕೆ ಪಿವಿಸಿ ಪೈಪನ್ನು ಕಟ್ಟಿ ಅದರೊಳಗೆ ಬೋಯ್ ಇಡುವವರೂ ಇದ್ದಾರೆ. ಚತುರ ಉಪಾಯವೇ ಸರಿ, ಆದರೆ ಬೆನ್ನಿನ ಹಿಂದೆ ಕಣ್ಣಿಗೆ ಕಾಣದ ಜಾಗದಲ್ಲಿ ಬಲೆಯೋ ಹುರಿಯೋ ಸಿಕ್ಕಿಕೊಳ್ಳಲು ಅದು ಇನ್ನೊಂದು ಮೂಲೆಯನ್ನು ಒದಗಿಸುತ್ತದೆ, ನಾನದನ್ನು ಒಪ್ಪುವುದಿಲ್ಲ.

ಇವೆಲ್ಲವನ್ನೂ ಮೊದಲು ಮನೆಯಲ್ಲಿ ಕಣ್ಣುಮುಚ್ಚಿ ಕುಳಿತು ತೆಗೆಯುವ, ಜೋಡಿಸುವ ಅಭ್ಯಾಸ ಮಾಡಿ. ನಂತರ ಈಜುಕೊಳದಲ್ಲಿ, ಜೊತೆಗಾರರೊಬ್ಬರು ನಿಮ್ಮ ಆಳವನ್ನು ಗಮನಿಸುತ್ತಿರುವಾಗ ಮಾಡಿ. ಅಲ್ಲಿ ಪರೀಕ್ಷಿಸಬೇಕಾದದ್ದು ಬೋಯ್ ಮೇಲೆ ಹೋಯಿತೇ ಎಂಬುದಷ್ಟೇ ಅಲ್ಲ. ಹುರಿಯನ್ನು ಬೇಕೆಂದೇ ಸಿಕ್ಕಿಸಿ, ಸ್ಪೂಲನ್ನು ಕೈಬಿಟ್ಟು, ನೀವು ಇದ್ದ ಆಳದಲ್ಲೇ ಉಳಿಯುತ್ತೀರಾ ನೋಡಿ. ಸ್ಪೂಲಿಗೆ ತೆತ್ತ ಹಣ ನೆನಪಾಗಿ ಬೆರಳು ಬಿಗಿಯುವುದು ಸಹಜ. ಅದನ್ನು ಮೀರುವಂತೆ ಕೈಯನ್ನು ಪಳಗಿಸಬೇಕು. ನೀವೇ ಮಾಡಿದ ಸ್ಪೂಲನ್ನು ಮತ್ತೆ ಮಾಡಿಕೊಳ್ಳಬಹುದೆಂಬ ಧೈರ್ಯವೂ ಇಲ್ಲಿ ನೆರವಾಗುತ್ತದೆ.

ಉಪನ್ಯಾಸದ ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ. ಸ್ಪೂಲನ್ನು ಬೋಯ್‌ಗೆ ಮೊದಲೇ ಜೋಡಿಸಿ ಇಟ್ಟುಕೊಳ್ಳಬಾರದೇ ಎಂದು ಒಬ್ಬರು ಕೇಳಿದರು. ಇಟ್ಟುಕೊಳ್ಳಬಹುದು, ಆತುರದ ಹೊತ್ತಿನಲ್ಲಿ ಒಂದು ಹೆಜ್ಜೆ ಉಳಿಯುತ್ತದೆ, ಶೀತದಿಂದ ಬೆರಳು ಮರಗಟ್ಟುವ ನೀರಿನಲ್ಲಿ ಅದು ದೊಡ್ಡ ಅನುಕೂಲ. ನಮ್ಮ ಬೆಚ್ಚನೆಯ ನೀರಿನಲ್ಲಿ ಬೇರೆ ಬೇರೆಯಾಗಿ ಇಡುವುದನ್ನೇ ನಾನು ಮೇಲೆನ್ನುತ್ತೇನೆ, ಏಕೆಂದರೆ ಜೋಡಿಸಿಟ್ಟ ಹುರಿ ಜೇಬಿನೊಳಗೇ ಬೋಯ್‌ಗೆ ಸುತ್ತಿಕೊಂಡಿದ್ದರೆ ಅದು ಗೊತ್ತಾಗುವುದು ಗಾಳಿ ತುಂಬಿದ ಮೇಲೆಯೇ.

ಪ್ರತಿ ಬಾರಿಯೂ ಬಾಡಿಗೆಯ ಬಿಸಿಡಿ ಬಳಸುವವರು ಜೇಬನ್ನು ಎಲ್ಲಿ ಕಟ್ಟಿಕೊಳ್ಳಬೇಕು ಎಂಬುದು ಇನ್ನೊಬ್ಬರ ಪ್ರಶ್ನೆ. ನಮ್ಮಲ್ಲಿ ಬಹುತೇಕರ ಪರಿಸ್ಥಿತಿ ಇದೇ ಆದ್ದರಿಂದ ಇದು ಬಹಳ ಮುಖ್ಯ. ಬಿಸಿಡಿ ಬದಲಾದಂತೆ ಉಂಗುರಗಳ ಜಾಗವೂ ಬದಲಾಗುತ್ತದೆ, ಕೈ ಹುಡುಕಾಡತೊಡಗುತ್ತದೆ. ಹಾಗಾಗಿ ಜೇಬು ಬಿಸಿಡಿಗೆ ಸೇರದೆ ನಿಮ್ಮ ಮೈಗೇ ಸೇರಿರಲಿ. ವೆಟ್‌ಸೂಟ್ ಮೇಲೆ ತೊಡುವ ಚಡ್ಡಿಯೊಂದರ ಬಲತೊಡೆಗೆ ಅದನ್ನು ಹೊಲಿಸಬಹುದು, ಅಥವಾ 5 ಸೆಂಟಿಮೀಟರ್ ಅಗಲದ ನೈಲಾನ್ ಪಟ್ಟಿಗೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಳ್ಳಬಹುದು. ಸೀಸದ ತೂಕದ ಪಟ್ಟಿಗೆ ಮಾತ್ರ ಅದನ್ನು ಪೋಣಿಸಬೇಡಿ. ತುರ್ತಿನಲ್ಲಿ ತೂಕವನ್ನು ಕಳಚಿ ಬಿಟ್ಟಾಗ ಬೋಯ್ ಕೂಡ ಅದರೊಂದಿಗೆ ತಳ ಸೇರುತ್ತದೆ. ಜೇಬಿನ ಪಟ್ಟಿಯನ್ನು ಮೊದಲು ಕಟ್ಟಿ, ತೂಕದ ಪಟ್ಟಿಯನ್ನು ಎಲ್ಲಕ್ಕಿಂತ ಮೇಲೆ, ಯಾವುದಕ್ಕೂ ತಡೆಯದೆ ಕೆಳಗೆ ಬೀಳುವಂತೆ ಕಟ್ಟಿಕೊಳ್ಳಿ. ದೋಣಿಯಲ್ಲಿ ಪರಸ್ಪರ ಸಲಕರಣೆ ಪರೀಕ್ಷಿಸುವಾಗ ಜೇಬು ಎಲ್ಲಿದೆ, ಬೋಯ್ ಹೇಗೆ ತೆಗೆಯಬೇಕು ಎಂಬುದನ್ನು ಜೊತೆಗಾರರಿಗೂ ತೋರಿಸಿ.